ಪ್ರಶ್ನೆ: “ನೀವಿನ್ನೂ ರೆಡಿ ಇಲ್ಲ” ಅಂದರೆ ಏನರ್ಥ?

ಪ್ರಶ್ನೆ: ಎಚ್‌ಆರ್‌ನಲ್ಲಿ ಇರುವವರು ಯಾರಾದರೂ ಹೇಳಿ. ನಾನು 11 ವರ್ಷದಿಂದ ಒಂದೇ ಕಂಪನಿಯಲ್ಲಿದ್ದೇನೆ. ನಮ್ಮ ಟೀಮಿನಲ್ಲಿ ಅರ್ಧ ಜನ ಹೆಣ್ಣುಮಕ್ಕಳು, ಆದರೆ ಮ್ಯಾನೇಜರ್‌ಗಿಂತ ಮೇಲೆ ಇರುವುದು ಒಬ್ಬರೇ. ಈ ಸಲವೂ ಪ್ರಮೋಷನ್ ನನ್ನ ಜೂನಿಯರ್‌ಗೆ ಹೋಯಿತು. ಕೇಳಿದ್ದಕ್ಕೆ “ನೀವಿನ್ನೂ ರೆಡಿ ಇಲ್ಲ” ಅಂದರು. ಏನು ಕಮ್ಮಿ ಅಂತ ಯಾರೂ ಹೇಳಲಿಲ್ಲ. ಜಾಸ್ತಿ ಕೇಳಿದರೆ ಜಗಳಗಂಟಿ ಅಂದುಕೊಳ್ಳುತ್ತಾರೆ ಅನ್ನುವ ಭಯ. ಹೇಗೆ ಕೇಳಲಿ?

ಉತ್ತರ: ಮೇಡಂ, 18 ವರ್ಷ ಎಚ್‌ಆರ್‌ನಲ್ಲಿ ಇದ್ದೇನೆ. “ರೆಡಿ ಇಲ್ಲ” ಅನ್ನುವುದು ಕಾರಣವೇ ಅಲ್ಲ. ಮೊದಲು ನಿಮ್ಮ ಹಳೆಯ ಅಪ್ರೈಸಲ್‌ಗಳನ್ನು, ಅಂದರೆ ವರ್ಷದ ಕೆಲಸದ ಬಗ್ಗೆ ಮ್ಯಾನೇಜರ್ ಬರೆದ ಹಾಳೆಗಳನ್ನು, ತೆಗೆದು ಓದಿ. ನಾನು ಕೂತ ಒಂದು ಪ್ರಮೋಷನ್ ಮೀಟಿಂಗ್ ಇನ್ನೂ ನೆನಪಿದೆ. ಹುಡುಗನ ಹಾಳೆಯಲ್ಲಿ “ಎರಡು ಹೊಸ ಕ್ಲೈಂಟ್ ತಂದರು” ಅಂತಿತ್ತು. ಹುಡುಗಿಯ ಹಾಳೆಯಲ್ಲಿ “ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾರೆ”. ಕ್ಲೈಂಟ್ ಕೈಬಿಟ್ಟು ಹೋಗದಂತೆ ಮೂರು ತಿಂಗಳು ಹಿಡಿದಿಟ್ಟಿದ್ದು ಅವಳೇ, ಆದರೆ ಅದು ಹಾಳೆಯಲ್ಲಿ ಇರಲೇ ಇಲ್ಲ! ಯಾರೂ ಬೇಕಂತ ಮಾಡಿದ್ದಲ್ಲ, ಹಾಗಂತ ಅವಳಿಗಾದ ನಷ್ಟ ಕಮ್ಮಿಯಾಯಿತಾ?

ಹಾಗಾಗಿ ಮ್ಯಾನೇಜರ್‌ಗೆ ಮೇಲ್ ಹಾಕಿ. “ಮುಂದಿನ ಹುದ್ದೆಗೆ ಏನೇನು ಮಾಡಿ ತೋರಿಸಬೇಕು, ಅದರಲ್ಲಿ ನನ್ನದು ಯಾವುದು ಬಾಕಿ ಇದೆ, ಬರೆದು ಕೊಡಿ” ಅನ್ನಿ. ಇದರಲ್ಲಿ ಜಗಳ ಎಲ್ಲಿದೆ ಹೇಳಿ? ನಿಮ್ಮ ಕೆಲಸವನ್ನೂ ಅಂಕಿ ಸಮೇತ ಬರೆದಿಡಿ. ಎಚ್‌ಆರ್‌ಗೂ ಒಂದು ಮಾತು ಹೇಳಿ: ಹೆಸರುಗಳನ್ನು ಚರ್ಚಿಸುವ ಮುಂಚೆಯೇ ಅಳತೆಗೋಲು ಬರೆದಿಡಬೇಕು. ಹೆಸರು ನೋಡಿ ಆಮೇಲೆ ಅಳತೆ ಮಾಡಿದರೆ, ಆ ಕೋಲು ಬೇಕಾದವರ ಉದ್ದಕ್ಕೇ ಸರಿಯಾಗುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ನಾನೂ ಟೀಮ್ ಲೀಡ್. ಎಲ್ಲ ಕಡೆ ಹೆಂಗಸರಿಗೆ ಮೀಸಲಾತಿ ತಂದುಬಿಟ್ಟರೆ ಅರ್ಹತೆಗೆ ಪೆಟ್ಟು ಬೀಳುವುದಿಲ್ಲವಾ?

ಉತ್ತರ: ಅರ್ಹತೆಯನ್ನು ಸರಿಯಾಗಿ ಅಳೆಯಿರಿ ಅನ್ನುವುದೇ ನನ್ನ ಮಾತು ಕೂಡ. ನಾರ್ವೆ 2003ರಲ್ಲಿ ಕಾನೂನು ಮಾಡಿತು, ಪಬ್ಲಿಕ್ ಲಿಮಿಟೆಡ್ ಕಂಪನಿಗಳ ಬೋರ್ಡ್‌ನಲ್ಲಿ, ಅಂದರೆ ನಿರ್ದೇಶಕರ ಮಂಡಳಿಯಲ್ಲಿ, ಹೆಣ್ಣು, ಗಂಡು ಇಬ್ಬರೂ ಕನಿಷ್ಠ ಸುಮಾರು 40% ಇರಬೇಕು ಅಂತ. ಅರ್ಹ ಹೆಂಗಸರು ಸಿಗುವುದಿಲ್ಲ ಅಂದವರು ಬಹಳ ಜನ. ಕೆಲವೇ ವರ್ಷಗಳಲ್ಲಿ ಸಿಕ್ಕರು, ಹುಡುಕಿರಲಿಲ್ಲ ಅಷ್ಟೇ. ಆದರೆ ಸಿಇಒ ಕುರ್ಚಿಗಳು ಅದೇ ವೇಗದಲ್ಲಿ ಬದಲಾಗಲಿಲ್ಲ. ಬೋರ್ಡ್ ಬದಲಾದರೆ ಸಾಲದು, ಕೆಳಗಿನ ಮೆಟ್ಟಿಲೂ ಸರಿಯಾಗಬೇಕು. ಆ ಮೆಟ್ಟಿಲು ನಿಮ್ಮಂಥ ಟೀಮ್ ಲೀಡ್‌ಗಳ ಕೈಯಲ್ಲಿದೆ. ಐಸ್‌ಲ್ಯಾಂಡ್‌ನಲ್ಲಂತೂ 2018ರಲ್ಲಿ ಜಾರಿಗೆ ಬಂದ ಕಾನೂನು, 25 ಅಥವಾ ಜಾಸ್ತಿ ಜನ ಇರುವ ಕಂಪನಿ ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಡುತ್ತಿದ್ದೇವೆ ಅಂತ ತಾನೇ ತೋರಿಸಬೇಕು ಅಂತ ಹೇಳಿತು. ದೂರು ಕೊಡುವ ಭಾರವನ್ನು ಅದು ಕೆಲಸಗಾರ್ತಿಯ ಮೇಲೆ ಹಾಕಲಿಲ್ಲ, ನನಗೆ ತುಂಬಾ ಇಷ್ಟವಾದದ್ದು ಅದೇ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಅಪ್ರೈಸಲ್ ತೆಗೆದು ನೋಡಿದೆ. ಮೂರು ವರ್ಷವೂ “ಸಹಕಾರ ಮನೋಭಾವ” ಅಂತಲೇ ಇದೆ. ಮೀಟಿಂಗ್‌ನಲ್ಲಿ ನೋಟ್ಸ್ ಬರೆಯುವುದೂ ಯಾವಾಗಲೂ ನಾನೇ.

ಉತ್ತರ: ನೋಟ್ಸ್ ಪಾಳಿ ಪ್ರಕಾರ ಎಲ್ಲರೂ ಬರೆಯಲಿ ಅಂತ ಮುಂದಿನ ಮೀಟಿಂಗ್‌ನಲ್ಲೇ ಹೇಳಿ. ಪೆನ್ನು ಹಿಡಿದು ಕೂತವರಿಗೆ ಮಾತಾಡಲು ಸಮಯ ಸಿಗುವುದಿಲ್ಲ ಮೇಡಂ. ಮೇಲ್ ಇವತ್ತೇ ಹಾಕಿ, ಉತ್ತರ ಬಂದ ಮೇಲೆ ಇಲ್ಲೇ ಬರೆಯಿರಿ, ಮುಂದಿನದನ್ನು ಸೇರಿ ನೋಡೋಣ.