ಶ್ರೀರಂಗಪಟ್ಟಣ ಕೋಟೆಯೊಳಗಿನ ಹೆಂಚಿನ ಮನೆ: ಬೀದಿಯ ಸಾಲು ಕೆಡದಂತೆ ರಿಪೇರಿ ಹೇಗೆ?

ಕೋಟೆಬೀದಿ:
ಮನೆ ರಂಗನಾಥಸ್ವಾಮಿ ದೇವಸ್ಥಾನದ ಸಂರಕ್ಷಿತ ಗಡಿಯಿಂದ ಸುಮಾರು 80 ಮೀಟರ್. 1992ಕ್ಕಿಂತ ಎಷ್ಟೋ ಹಿಂದಿನದು. ಜಗಲಿ, ಮರದ ಕಂಬ, ಮಂಗಳೂರು ಹೆಂಚು. ಮಾಡು ಸೋರುತ್ತಿದೆ. ಗಾರೆ ಗೋಡೆಗೆ ಯಾವಾಗಲೋ ಸಿಮೆಂಟ್ ಬಳಿದಿದ್ದಾರೆ, ಕೆಳಗಿನ ಮೂರಡಿ ಸದಾ ಒದ್ದೆ. ಕೆಡವಿ ಆರ್‌ಸಿಸಿ ಹಾಕಿ, ಮೇಲೊಂದು ರೂಮು ತೆಗೀರಿ ಅಂತಾರೆ ಮೇಸ್ತ್ರಿ. ಏನು ಮಾಡೋದು?

ಪ್ಲಾನ್‌ಮ್ಯಾನ್:
ಮೇಸ್ತ್ರಿ ಮಾತು ಬಿಡಿ. ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ, ಮೇಲಂತಸ್ತು ಎರಡೂ ನಿಷಿದ್ಧ. ಕೆಡವಿ ಅದೇ ಅಳತೆಗೆ ಕಟ್ಟಿದರೂ ಕಾಯ್ದೆ ಅದನ್ನು ಪುನರ್‌ನಿರ್ಮಾಣ ಅನ್ನುತ್ತೆ, ರಿಪೇರಿ ಅಲ್ಲ. ಉಳಿದಿರೋದು 20ಸಿ ಕಲಮಿನ ಕೆಳಗೆ ರಿಪೇರಿ-ನವೀಕರಣದ ಅರ್ಜಿ. ಆ ಅರ್ಜಿಗೆ, ಮನೆ 16-6-1992ಕ್ಕೆ ಮೊದಲೇ ಇತ್ತು ಅನ್ನೋದಕ್ಕೆ ಹಳೇ ಕಂದಾಯ ರಸೀದಿ ಹುಡುಕಿಡಿ. ಅರ್ಜಿ ಸಕ್ಷಮ ಪ್ರಾಧಿಕಾರದಿಂದ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಿ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತೆ. ಮಳೆಗಾಲಕ್ಕೆ ಮುಂಚೆ ಕೆಲಸ ಬೇಕಿದ್ದರೆ ಈಗಲೇ ಹಾಕಿ.

ಸುಣ್ಣಗಾರೆ:
ಮೊದಲು ನೀರು ಎಲ್ಲಿಂದ ಅಂತ ನೋಡಿ. ಕಾಂಕ್ರೀಟ್ ರಸ್ತೆ ಪದರದ ಮೇಲೆ ಪದರ ಏರಿ ಜಗಲಿ ಬುಡ ಮುಚ್ಚಿದ್ದರೆ, ಚರಂಡಿ ಸರಿಯಾಗದೆ ಗೋಡೆ ಒಣಗಲ್ಲ. ಸಿಮೆಂಟ್ ಹಾಕಿದ ಗೋಡೆಯಲ್ಲಿ ತೇವ ಹೊರಗೆ ಬರೋಕೆ ದಾರಿ ಇಲ್ಲದೆ ಮೇಲೇರುತ್ತೆ. ಮುಂದಿನ ವರ್ಷ ನಾಲ್ಕಡಿ, ಬಿಳಿ ಉಪ್ಪು ಬೇರೆ. ಒದ್ದೆ ಗೆರೆಯಿಂದ ಒಂದಡಿ ಮೇಲಿನವರೆಗೆ ಸಿಮೆಂಟ್ ಕಿತ್ತು ಒಂದು ಬೇಸಿಗೆ ಒಣಗಲು ಬಿಡಿ. ಆಮೇಲೆ 1:3 ಸುಣ್ಣ-ಮರಳು, ಒಂದು ಪದರ 10-12 ಮಿ.ಮೀ., ವಾರವಿಡೀ ನೀರು ಚಿಮುಕಿಸಿ. ಬೇಗ ಗಟ್ಟಿಯಾಗಲಿ ಅಂತ ಮೇಸ್ತ್ರಿ ಒಂದು ಬಾಣಲಿ ಸಿಮೆಂಟ್ ಸೇರಿಸ್ತಾರೆ, ಕಾದು ನಿಲ್ಲಿ. ಮೇಲೆ ತೆಳು ಸುಣ್ಣ ಮೂರು-ನಾಲ್ಕು ಸಲ, ಎಮಲ್ಷನ್ ಪೇಂಟ್ ಬೇಡ.

ಹೆಂಚು ಚದರ ಮೀಟರಿಗೆ ಸುಮಾರು 15. ಬೇರೆ ಕಾರ್ಖಾನೆಯದು ಹಳೇ ಹೆಂಚಿನ ಕಚ್ಚಿಗೆ ಕೂರಲ್ಲ, ಸೋರೋದೇ ಅಲ್ಲಿ. ಆದ್ದರಿಂದ ಹಿಂದಿನ ಮಾಡಿನ ಗಟ್ಟಿ ಹೆಂಚೆಲ್ಲ ಮುಂದಕ್ಕೆ ತನ್ನಿ, ಹೊಸದು ಪೂರ್ತಿ ಹಿಂದಕ್ಕೆ ಹಾಕಿ. ಸೂರಂಚಿನ ತೊಲೆ ತುದಿ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಅದೇ ಜಾತಿಯ ಮರ ಬೆಸೆಸಿ. ಬಚ್ಚಲು ಬೇಕಿದ್ದರೆ ಹಿತ್ತಲಿಗೆ ಚಾಚಿಕೊಳ್ಳಿ.

ಪ್ಲಾನ್‌ಮ್ಯಾನ್:
ಬಚ್ಚಲಿನ ಮಾತು ತಪ್ಪು. ಅಡ್ಡಕ್ಕೆ ಚಾಚಿದರೂ ಅದು ನಿರ್ಮಾಣವೇ. ಇರೋ ಗೋಡೆಗಳೊಳಗೇ ಜಾಗ ಮಾಡಬೇಕು. ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಕೋಟೆಬೀದಿ:
ಸರಿ, ನಡುಮನೆ ಪಕ್ಕದ ಉಗ್ರಾಣ ಸಾಕು. ಜಗಲಿಗೆ ಗ್ರಿಲ್?

ಸುಣ್ಣಗಾರೆ:
ಕಂಬದ ಹಿಂದೆ, ಬಾಗಿಲ ಗೋಡೆಗೆ ಸೇರಿಸಿ. ಕಂಬಕ್ಕೆ ಬೋಲ್ಟ್ ಹೊಡೆದರೆ ಮರ ಸೀಳುತ್ತೆ.