ಪ್ರಶ್ನೋತ್ತರ: ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೊಲೇಶನ್ (ಪಠ್ಯ ಹೋಲಿಸಿ ಕ್ರಮ ಹಚ್ಚುವ ನಿಯಮ), ಅಕ್ಷರ ಮತ್ತು ಅಂಕಿಯ ಕ್ರಮ

ಬ್ಯಾಡಗಿ ಸದಸ್ಯ: ಸರ್ ನಮಸ್ಕಾರ. ಮೆಣಸಿನಕಾಯಿ ಲಾಟ್ ಲಿಸ್ಟಿನ್ಯಾಗ ಎ10 ಮೊದಲ, ಎ2 ಆಮ್ಯಾಲ ಬರಾಕತ್ತೈತಿ. ಪೋಸ್ಟ್‌ಗ್ರೆಸ್ 15.

ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು): ಐಸಿಯು (ಭಾಷೆಗಳ ಅಕ್ಷರಕ್ರಮದ ಲೈಬ್ರರಿ) ಪ್ರೊವೈಡರ್ ಕೊಟ್ಟು ಹೊಸ ಕೊಲೇಶನ್ ಮಾಡ್ರಿ, ಲೊಕೇಲ್‌ (ಭಾಷೆಯ ಸೆಟ್ಟಿಂಗ್) ನ್ಯಾಗ ಕೆಎನ್-ಟ್ರೂ ಸೇರಿಸ್ರಿ, ಅದು ಅಂಕಿಗಳನ್ನ ಸಂಖ್ಯೆ ಅಂತ ಹೋಲಿಸ್ತೈತಿ. ದಶಮಾಂಶ ಮಾತ್ರ ಅದಕ್ಕ ತಿಳಿಯಂಗಿಲ್ಲ: 1.9 ಆದ ಮ್ಯಾಲ 1.10 ಬರ್ತೈತಿ.

ಧಾರವಾಡ ಸದಸ್ಯೆ: ನಮಗ ಅಕ್ಷರ ಮೊದಲು, ಅಂಕಿ ಆಮೇಲೆ ಬೇಕು. ಕೆಎನ್ ಜೊತಿ ಕೆಆರ್-ಎಲ್‌ಎಟಿಎನ್-ಡಿಜಿಟ್ (ಲಿಪಿಗಳ ಕ್ರಮ: ಮೊದಲು ಲ್ಯಾಟಿನ್, ಆಮೇಲೆ ಅಂಕಿ) ಕೊಟ್ಟೆ, ಡಿಟರ್ಮಿನಿಸ್ಟಿಕ್ ಫಾಲ್ಸ್. ಇಂಗ್ಲಿಷ್ ಹೆಸರು ಸರಿ ಬಂದ್ವು, ಕನ್ನಡ ಹೆಸರು ಅಂಕಿ ಕೆಳಗ ಹೋದ್ವು. ಖಾತೆ ಕೋಡ್ 71 ಇದ್ದಾಗ 071 ಹಾಕಿದ್ರ ಯುನಿಕ್ ಎರರ್, ಅಂದ್ರ ಅದು ಈಗಾಗಲೇ ಐತಿ ಅಂತ.

ಡಿಬಿಎ: ಮೇಡಂ, ಮೊದಲ ಇಂಪೋರ್ಟ್ ನಿಲ್ಲಿಸ್ರಿ. ಕೆಎನ್ ಮುಂದಿನ ಸೊನ್ನಿ ಲೆಕ್ಕಕ್ಕ ಹಿಡಿಯಂಗಿಲ್ಲ. 71, 071, ಕನ್ನಡ ಅಂಕಿಯ ೭೧ ಮೂರಕ್ಕೂ ಕ್ರಮದಾಗ ಒಂದೇ ತೂಕ. ಡಿಟರ್ಮಿನಿಸ್ಟಿಕ್ ಟ್ರೂ ಇದ್ರ ತೂಕ ಸಮ ಬಂದಾಗ ಬೈಟ್ ಹೋಲಿಸಿ ಬೇರೆ ಅಂತ ಹೇಳ್ತೈತಿ. ನೀವು ಫಾಲ್ಸ್ ಮಾಡೀರಿ, ಅದಕ್ಕ ಪೂರಾ ಸಮ ಆಗ್ಯಾವ. ಎರರ್ ಬಂದದ್ದು ಛಲೋನ ಆತು. ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಇದ್ದ ಕಡೆ ಸಾಲು ಸದ್ದಿಲ್ಲದ ಬಿಟ್ಟು ಹೋಗಿರ್ತಾವ, ಗ್ರೂಪ್ ಬೈ ಎರಡು ಖಾತೆಯ ಮೊತ್ತ ಕೂಡಿಸಿಬಿಟ್ಟಿರ್ತೈತಿ. ಇದ್ದ ಕೊಲೇಶನ್‌ನ್ಯಾಗ ಡಿಟರ್ಮಿನಿಸ್ಟಿಕ್ ಬದಲಿಸಾಕ ಬರಂಗಿಲ್ಲ. ಟ್ರೂ ಇಟ್ಟು ಹೊಸದು ಮಾಡಿ, ಆಲ್ಟರ್ ಟೇಬಲ್‌ನ್ಯಾಗ ಕಾಲಂ ಟೈಪ್ ಜೊತಿ ಅದರ ಹೆಸರು ಕೊಡ್ರಿ. ಇಂಡೆಕ್ಸ್ (ಸಾಲು ಹುಡುಕೋ ಸೂಚಿ) ತಾನ ಮತ್ತೆ ಕಟ್ಟಿಕೊಳ್ತೈತಿ. ಅಲ್ಲೀತನಕ ಟೇಬಲ್ ಲಾಕ್, ರಾತ್ರಿ ಮಾಡ್ರಿ. ಆಮ್ಯಾಲ ಮೂಲ ಫೈಲ್ ಜೊತಿ ಸಾಲು ಸಾಲು ತಾಳೆ ನೋಡ್ರಿ.

ಕನ್ನಡದ ವಿಷಯ: ಕೆಆರ್ ಪಟ್ಟಿಯಾಗ ಹೆಸರಿಲ್ಲದ ಲಿಪಿ ಕೊನೀಗೆ ಹೋಗ್ತಾವ. ಕೆಎನ್‌ಡಿಎ (ಕನ್ನಡ ಲಿಪಿ) ಸೇರಿಸಿ ಕೆಎನ್‌ಡಿಎ-ಎಲ್‌ಎಟಿಎನ್-ಡಿಜಿಟ್ ಅಂತ ಬರೀರಿ. ಸ್ಪೇಸ್, ಹೈಫನ್ ಆಗಲೂ ಎಲ್ಲಕ್ಕಿಂತ ಮುಂದ.

ಹುಬ್ಬಳ್ಳಿ ಸದಸ್ಯ: ಇಷ್ಟೆಲ್ಲಾ ಯಾಕ್ರಿ? ಫಾರ್ವರ್ಡ್: ‘ಎಲ್ಲಾ ಕಾಲಂಗೂ ಸಿ ಕೊಲೇಶನ್ ಹಾಕಿ, ಸಮಸ್ಯೆ ಮುಗಿಯಿತು.’

ಗದಗ ಸದಸ್ಯ: ಸಿ ಅಂದ್ರ ಬೈಟ್ ಕ್ರಮ. ಅಂಕಿ ಮೊದಲ, ದೊಡ್ಡ ಝಡ್ ಆದ ಮ್ಯಾಲ ಸಣ್ಣ ಎ. ಮೇಡಂ ಕೇಳಿದ್ದಕ್ಕ ಉಲ್ಟಾ.

ಹುಬ್ಬಳ್ಳಿ ಸದಸ್ಯ: ವೇಗ ಇರ್ತೈತಲ್ರಿ.

ಗದಗ ಸದಸ್ಯ: ತಪ್ಪು ಲಿಸ್ಟ್ ಲಗೂನ ಬಂದ್ರ ಏನ್ ಉಪಯೋಗ?

ಹುಬ್ಬಳ್ಳಿ ಸದಸ್ಯ: ನಿಮ್ಮನ್ನ ಯಾರೂ ಕೇಳಿಲ್ಲ.

ಹಾವೇರಿ ಸದಸ್ಯ: ಸರ್, ನಮ್ಮಲ್ಲೂ ಎ2 ಕಿಂತ ಮೊದಲ ಎ10 ಬರ್ತೈತಿ, ಏನ್ ಮಾಡೂದು?

ಡಿಬಿಎ: ಮೊದಲನೇ ಉತ್ತರ ಓದ್ರಿ.

ಹುಬ್ಬಳ್ಳಿ ಸದಸ್ಯ: ಇನ್ನೊಂದು ಫಾರ್ವರ್ಡ್: ‘ಕೊಲೇಶನ್ ವರ್ಷನ್ ಮಿಸ್‌ಮ್ಯಾಚ್ ಬಂದರೆ ರಿಫ್ರೆಶ್ ವರ್ಷನ್ ಕೊಡಿ, ವಾರ್ನಿಂಗ್ ಹೋಗುತ್ತದೆ.’

ಡಿಬಿಎ: ಇದನ್ನ ಯಾರೂ ಹಂಗ ಮಾಡಬ್ಯಾಡ್ರಿ! ಕ್ರಮದ ಲೈಬ್ರರಿಯ ವರ್ಷನ್ ಬದಲಾದಾಗ ಆ ವಾರ್ನಿಂಗ್ ಬರ್ತೈತಿ. ರಿಫ್ರೆಶ್ ಬರೇ ಬರೆದಿಟ್ಟ ವರ್ಷನ್ ನಂಬರ್ ತಿದ್ದತೈತಿ. ಇಂಡೆಕ್ಸ್ ಹಳೇ ಕ್ರಮದಾಗ ಉಳಿದು, ಇದ್ದ ಸಾಲು ಹುಡುಕಿದ್ರ ಸಿಗಂಗಿಲ್ಲ, ಯುನಿಕ್ ಕಾಲಂನ್ಯಾಗೂ ಎರಡೆರಡು ಸೇರ್ತಾವ. ಮೊದಲ ರೀಇಂಡೆಕ್ಸ್ (ಇಂಡೆಕ್ಸ್ ಮತ್ತೆ ಕಟ್ಟೂದು), ಆಮ್ಯಾಲ ರಿಫ್ರೆಶ್. ತಿಳೀದ ಫಾರ್ವರ್ಡ್ ಇಲ್ಲಿ ಹಾಕಬ್ಯಾಡ್ರಿ.

ಗದಗ ಸದಸ್ಯ: ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) 2.28 ಬಂದಾಗಲೂ ಕ್ರಮ ಬದಲಾಗಿತ್ತು. ಓಎಸ್ ಅಪ್‌ಗ್ರೇಡ್ ಮಾಡಿದವರೂ ನೋಡ್ಕೋರಿ.

ಹಾವೇರಿ ಸದಸ್ಯ: ಮೈಎಸ್‌ಕ್ಯೂಎಲ್‌ನ್ಯಾಗ ಹೆಂಗ್ರಿ?

ಧಾರವಾಡ ಸದಸ್ಯೆ: ಇಂಪೋರ್ಟ್ ನಿಲ್ಲಿಸೀನಿ. ಎರಡು ಟೇಬಲ್‌ನ್ಯಾಗ ಡು ನಥಿಂಗ್ ಅದ.

ಡಿಬಿಎ: ತಾಳೆ ಅವೆರಡರಿಂದನ ಶುರು ಮಾಡ್ರಿ.