ಬಿಳಿ ಹೂವಿನ ಕಳೆ ಕಿತ್ತ ಮೇಲೆ ಕೈಯಲ್ಲಿ ನೀರುಗುಳ್ಳೆ, ಅಲರ್ಜಿನಾ?

ಪ್ರಶ್ನೆ:
ನಮಸ್ಕಾರ. ನಾನಿರುವುದು ಇಟಲಿಯ ಸಿಸಿಲಿಯಲ್ಲಿ. ಮೊನ್ನೆ ಮನೆ ಹಿಂದೆ ಸೊಂಟದೆತ್ತರ ಬೆಳೆದ ಕಳೆಯನ್ನು ಬಿಸಿಲಲ್ಲೇ ಕಿತ್ತೆ. ಕೊತ್ತಂಬರಿ ಹೂವಿನ ಥರ ಬಿಳಿ ಗೊಂಚಲು. ಅವತ್ತು ಏನೂ ಆಗಲಿಲ್ಲ. ಇವತ್ತು ಮುಂಗೈಯಲ್ಲಿ ಉದ್ದುದ್ದ ಕೆಂಪು ಗೆರೆ, ಎರಡು ಕಡೆ ನೀರುಗುಳ್ಳೆ. ತುರಿಕೆಗಿಂತ ಉರಿ ಜಾಸ್ತಿ. ಅಂಗಿ ತೋಳು ಮುಚ್ಚಿದ್ದಲ್ಲಿ ಏನೂ ಇಲ್ಲ. ಅಲರ್ಜಿ ಮಾತ್ರೆಯಿಂದ ಕಡಿಮೆಯಾಗಿಲ್ಲ. ಇದು ಕಾಡು ಕ್ಯಾರೆಟ್ಟಾ?

ಉತ್ತರ:
ಕಾಡು ಕ್ಯಾರೆಟ್ ಆದರೆ ಕಾಂಡದ ಮೇಲೆ ಒರಟು ರೋಮ ಇರುತ್ತದೆ. ಗೊಂಚಲಿನ ನಡುವೆ ಎಷ್ಟೋ ಸಲ ಒಂದೇ ಒಂದು ಕಡುಗೆಂಪು ಹೂ ಇರುತ್ತದೆ. ನಿಮ್ಮ ಗಿಡದ ಕಾಂಡ ನುಣುಪಾ? ನೇರಳೆ ಮಚ್ಚೆ ಇದೆಯಾ? ಮಚ್ಚೆ ಇದ್ದರೆ ಹೆಮ್ಲಾಕ್ ಇರಬಹುದು, ಅದು ವಿಷ. ಬುಡದ ಎಲೆಯ ಅಂಚನ್ನೂ ನೋಡಿ.

ಪ್ರಶ್ನೆ ಕೇಳಿದವರು:
ಕಾಂಡ ನುಣುಪು, ಮಚ್ಚೆ ಇಲ್ಲ. ಬುಡದ ಎಲೆ ಅಗಲ, ಅಂಚಲ್ಲಿ ಗರಗಸದ ಹಲ್ಲು. ಮೇಲಿನ ಎಲೆ ಸಣ್ಣಗೆ ಸೀಳಿದೆ.

ಉತ್ತರ:
ಹಾಗಾದರೆ ಬಹುಶಃ ಅಮ್ಮಿ ಮಜುಸ್. ಮೆಡಿಟರೇನಿಯನ್ ಸುತ್ತಮುತ್ತಲಿನ ಹೊಲ, ರಸ್ತೆ ಬದಿಯ ಒಂದು ವರ್ಷದ ಗಿಡ. ನಿಮ್ಮದು ಅಲರ್ಜಿ ಥರ ಕಾಣುತ್ತಿಲ್ಲ, ಅದಕ್ಕೇ ಮಾತ್ರೆ ಕೆಲಸ ಮಾಡಿಲ್ಲ. ಅದರ ಸೊನೆಯಲ್ಲಿ ಸೊರಾಲೆನ್ ಗುಂಪಿನ ರಾಸಾಯನಿಕ ಇದೆ. ಗೇರು ಸೊನೆಗೆ ಬಿಸಿಲು ಬೇಕಿಲ್ಲ, ಇದಕ್ಕೆ ಬೇಕೇ ಬೇಕು. ಸೊನೆ ತಾಗಿದ ಚರ್ಮಕ್ಕೆ ಬಿಸಿಲಿನ ಯುವಿಎ (ಒಂದು ಬಗೆಯ ಅತಿನೇರಳೆ) ಕಿರಣ ಬಿದ್ದರೆ ಜೀವಕೋಶಗಳು ಸುಡುತ್ತವೆ. ಒಂದು ದಿನ ಬಿಟ್ಟು ಕಾಣಿಸಿಕೊಂಡು, ಎರಡು ಮೂರು ದಿನಕ್ಕೆ ಜೋರಾಗುತ್ತದೆ. ಕಾಂಡ ಸವರಿಹೋದ ಕಡೆಯೇ ಗೆರೆ ಏಳುವುದು.

ಗುಳ್ಳೆ ಒಡೆಯಬೇಡಿ. ತಣ್ಣೀರು ಬಟ್ಟೆ ಇಡಿ. ಆ ಕೈಗೆ ಬಿಸಿಲು ತಾಗಿಸಲೇಬೇಡಿ, ಇದು ಎಲ್ಲಕ್ಕಿಂತ ಮುಖ್ಯ. ಗುಳ್ಳೆ ದೊಡ್ಡದಾದರೆ, ಕೀವಾದರೆ, ಕಣ್ಣಿಗೆ ಸೊನೆ ತಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಹೆದರಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಬೀಜ ಓಮದ ಕಾಳಿನ ಥರ ಇದೆ. ಅಡುಗೆಗೆ ಆಗುತ್ತಾ?

ಉತ್ತರ:
ಬೇಡವೇ ಬೇಡ. ಓಮ ಇದೇ ಕುಟುಂಬದ್ದು, ಆದರೆ ಗಿಡ ಬೇರೆ. ಸೊರಾಲೆನ್ ಬೀಜದಲ್ಲೇ ಜಾಸ್ತಿ. ಈಜಿಪ್ಟಿನಲ್ಲಿ ಹಿಂದಿನಿಂದಲೂ ತೊನ್ನಿಗೆ ಇದರ ಪುಡಿ ಕೊಟ್ಟು ಬಿಸಿಲಿಗೆ ಕೂರಿಸುತ್ತಿದ್ದರು. 1940ರ ದಶಕದಲ್ಲಿ ಕೈರೋದ ಚರ್ಮವೈದ್ಯ ಎಲ್ ಮೊಫ್ತಿ ಇದರಿಂದ ತೆಗೆದ ಮೆಥಾಕ್ಸಲೆನ್ ಎಂಬ ಸೊರಾಲೆನ್ ಅನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಇವತ್ತಿನ ಪುವಾ (ಸೊರಾಲೆನ್ ಕೊಟ್ಟು ಯುವಿಎ ಬೆಳಕು ಬಿಡುವ) ಚಿಕಿತ್ಸೆಯಲ್ಲಿ ಬಳಸುವುದು ಅದೇ ಔಷಧಿ, ಅದೂ ಅಳೆದ ಡೋಸ್, ಅಳೆದ ಬೆಳಕು. ಮನೆಯಲ್ಲಿ ಪ್ರಯೋಗ ಮಾಡಿದರೆ ಮೈಯೇ ಸುಡುತ್ತದೆ.

ಉಳಿದ ಗಿಡಗಳನ್ನು ಬೀಜ ಉದುರುವ ಮೊದಲೇ, ಬಿಸಿಲು ಇಳಿದ ಮೇಲೆ, ತುಂಬು ತೋಳು, ಕೈಗವಸು ಹಾಕಿ ಬೇರುಸಹಿತ ಕಿತ್ತುಬಿಡಿ. ಹುಲ್ಲು ಕತ್ತರಿಸುವ ಮೆಷಿನ್ ಬೇಡ, ಸೊನೆ ಮುಖಕ್ಕೇ ಸಿಡಿಯುತ್ತದೆ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ.